ವಾರಿಜಮ್ಮನ ತೂಗುಗುಂಡು ವಾಲಿದ್ದು

ನಮ್ಮೂರಿನಲ್ಲಿ ಗೋಡೆ ಸೊಟ್ಟಗಾದರೆ ಗಾರೆಯವನನ್ನು ಯಾರೂ ಬೈಯುವುದಿಲ್ಲ. ಗೋಡೆ ವಾಲಿದ ದಿಕ್ಕಿನಲ್ಲಿ ಯಾರ ಮನೆಯಿದೆ ಎಂದು ಅವನ ಹೆಂಡತಿ ಹೋಗಿ ನೋಡಿಕೊಂಡು ಬರುತ್ತಾಳೆ. ಯಾಕೆಂದರೆ ಇಲ್ಲಿ ತೂಗುಗುಂಡು ನೇರ ತೂಗುವುದಿಲ್ಲ. ದಾರ ಹಿಡಿದವರ ಮನಸ್ಸು ಯಾರ ಮೇಲಿದೆಯೋ, ಯಾವುದರ ಮೇಲಿದೆಯೋ, ಆ ಕಡೆಗೆ ಒಂದಿಷ್ಟು ವಾಲುತ್ತದೆ. ಯಾರನ್ನು ಕಂಡರೆ ಮೈ ಉರಿಯುತ್ತದೋ ಅವರಿಂದ ಆಚೆಗೆ ವಾಲುತ್ತದೆ. ದಾರವನ್ನು ಮೊಳೆಗೆ ಕಟ್ಟಿದರೆ ಮೊಳೆ ಹೊಡೆದವನ ಮನಸ್ಸಿನಂತೆ ನಡೆದುಕೊಳ್ಳುತ್ತದೆ. ರಸಮಟ್ಟದ ಗುಳ್ಳೆಗೂ ಅದೇ ಚಾಳಿ. ಊರ ಗಡಿ ದಾಟಿ ಹೋದವರನ್ನು ಮಾತ್ರ ಗುಂಡು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅವರ ಮೇಲೆ ಪ್ರೀತಿ ಇರಲಿ, ಹಗೆ ಇರಲಿ, ಗುಂಡಿಗೆ ಅದರ ಗೊಡವೆಯಿಲ್ಲ. ಇದೆಲ್ಲ ಯಾಕೆ ಹೀಗೆ ಎಂದು ಕೇಳಿದರೆ, ನಿಮ್ಮೂರಲ್ಲಿ ಹೀಗಲ್ಲವೇ ಎಂದು ನಾವೇ ತಿರುಗಿ ಕೇಳುತ್ತೇವೆ.

ನಾವು ಹೊಂದಿಕೊಂಡುಬಿಟ್ಟಿದ್ದೇವೆ. ಹೊಸದಾಗಿ ಮದುವೆಯಾದ ಗಾರೆಯವನಿಗೆ ವರ್ಷದ ಮಟ್ಟಿಗೆ ಸುಣ್ಣ ಬಳಿಯುವ ಕೆಲಸ ಮಾತ್ರ. ನನ್ನ ಕ್ಯಾಂಟೀನಿನ ಹಿಂಗೋಡೆ ಕಟ್ಟಿದಾಗಿನಿಂದ ಸಾರಾಯಿ ಅಂಗಡಿಯ ಕಡೆಗೆ ಬಾಗಿಕೊಂಡೇ ನಿಂತಿದೆ. ಬಿದ್ದಿಲ್ಲ. ಬಾಗಿದವರೆಲ್ಲ ಬೀಳುವುದಿಲ್ಲ ಎಂದು ನಮ್ಮಲ್ಲಿ ಹೇಳುವುದುಂಟು.

ಇಂಥ ಊರಿಗೆ ಅಳತೆಯ ಶೆಡ್ಡನ್ನು ತಂದು ಹಾಕಿದ್ದು ಯಾವ ಪುಣ್ಯಾತ್ಮನ ಬುದ್ಧಿಯೋ ತಿಳಿಯದು. ಊರ ನಡುವಿನ ಬಯಲಿನಲ್ಲಿ ಎರಡು ಮರದ ಅಟ್ಟಣೆಗಳು. ಮೂಡಣ ಅಟ್ಟಣೆಯ ಮೇಲೆ ಹೊರಗಿನ ಕಂಪನಿ ಅಳತೆಗೆಂದು ಕಳಿಸಿದ ಡಿಶ್ ಆಂಟೆನಾವನ್ನು ನಿಲ್ಲಿಸುತ್ತಾರೆ. ಪಡುವಣ ಅಟ್ಟಣೆಯ ಮೇಲೆ ಅದು ಕಳಿಸಿದ್ದನ್ನು ಕೇಳಿಸಿಕೊಳ್ಳುವ ಪ್ರೋಬು. ಡಿಶ್ಶಿನಿಂದ ಮೈಕ್ರೋವೇವ್ ತರಂಗ ಎರಡು ಬಗೆಯಲ್ಲಿ ಹೊರಡುತ್ತದಂತೆ, ಒಂದು ನಿಂತುಕೊಂಡು, ಇನ್ನೊಂದು ಮಲಗಿಕೊಂಡು. ಒಂದೊಂದರ ಮೇಲೂ ಬೇರೆ ಬೇರೆಯವರ ಮಾತು ಸವಾರಿ ಮಾಡುತ್ತಿರುತ್ತದೆ. ಪ್ರೋಬಿಗೂ ಎರಡು ಕಡ್ಡಿ. ನಿಂತ ಕಡ್ಡಿ ನಿಂತು ಬಂದದ್ದನ್ನು ಮಾತ್ರ ಕೇಳಬೇಕು, ಮಲಗಿದ ಕಡ್ಡಿ ಮಲಗಿ ಬಂದದ್ದನ್ನು. ಪ್ರೋಬು ಒಂದು ಕೂದಲೆಳೆ ಓರೆಯಾದರೂ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಸೋರುತ್ತದೆ, ವಠಾರದ ಮನೆಗಳಲ್ಲಿ ಆಗುವ ಹಾಗೆ. ಅದಕ್ಕೇ ಪ್ರತಿ ಅಳತೆಗೂ ಮೊದಲು ತೂಗುಗುಂಡು ಹಿಡಿದು ಪ್ರೋಬನ್ನು ತಾಳೆ ನೋಡಬೇಕು. ಕ್ಯಾಲಿಬ್ರೇಶನ್ ಎನ್ನುವುದು ಅವರ ಮಾತು, ತಾಳೆ ನೋಡುವುದು ನಮ್ಮದು. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ವಾರಿಜಮ್ಮ. ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ, ನನ್ನದೇ ಎರಡು ಚಮಚಗಳನ್ನು ಅಡ್ಡಡ್ಡ ಹಿಡಿದು ಹೇಳಿಕೊಟ್ಟರು.

ವಾರಿಜಮ್ಮ ಶೆಡ್ಡಿನ ತಾಳೆ ನೋಡುವ ಹೆಂಗಸು. ಐವತ್ತು ದಾಟಿದ್ದರು, ಮದುವೆಯಾಗಿರಲಿಲ್ಲ. ಅವರಿಗೆ ಆ ಕೆಲಸ ಸಿಕ್ಕಿದ್ದೇ ಊರಿಗೆಲ್ಲ ಅವರೊಬ್ಬರ ಕೈಯಲ್ಲಿ ಗುಂಡು ನೇರ ತೂಗುತ್ತಿತ್ತು ಎಂಬ ಕಾರಣಕ್ಕೆ. ಯಾರ ಕಡೆಗೂ ಇಲ್ಲ, ಯಾರಿಂದ ಆಚೆಗೂ ಇಲ್ಲ, ಬಾವಿಗೆ ಇಳಿಬಿಟ್ಟ ಹಗ್ಗದ ಹಾಗೆ ನೆಟ್ಟಗೆ. ಶಾಲೆಯ ಗೋಡೆಗೆ ಅವರನ್ನೇ ಕರೆದರು, ನೀರಿನ ಟ್ಯಾಂಕಿಗೂ ಅವರನ್ನೇ ಕರೆದರು. ಊರಲ್ಲಿ ನೆಟ್ಟಗಿರುವುದು ಏನಾದರೂ ಇದ್ದರೆ ಅದು ವಾರಿಜಮ್ಮನ ಕೈ ತಾಗಿದ್ದು. ಅವರಿಗೂ ಅದರ ಬಿಗುಮಾನ ಕಡಿಮೆ ಇರಲಿಲ್ಲ ಅನ್ನಿ. ನಾನು ಕಾಫಿಗೆ ಸಕ್ಕರೆ ಹೆಚ್ಚು ಹಾಕಿದೆ ಎಂದು ಒಮ್ಮೆ ಹೇಳಿದರು. ಇಲ್ಲ ಎಂದೆ. "ಕಾಂತಪ್ಪನವರೇ, ತಪ್ಪು ಇದ್ರೆ ನಿಮ್ಮ ಚಮಚದಲ್ಲಿರುತ್ತೆ, ನನ್ನ ನಾಲಿಗೇಲಿ ಇರಲ್ಲ" ಎಂದರು. ಶೆಡ್ಡಿನ ಮೂಲೆಯ ಕೋಣೆಯೇ ಅವರ ಮನೆ. ಸಂಜೆ ಪ್ರೋಬಿಗೆ ಬಟ್ಟೆ ಹೊದಿಸಿ, "ಮಲಕ್ಕೋ" ಎನ್ನುವುದನ್ನು ನಾನೇ ಕೇಳಿದ್ದೇನೆ.

ಹೀಗಿರುವಾಗ ಡಿಶ್ ಕಂಪನಿಯಿಂದ ಇನಾಂದಾರ್ ಎಂಬ ಸಾಹೇಬರು ಬಂದಿಳಿದರು. ನಮ್ಮಲ್ಲಿ ಅಳೆದು ಕಳಿಸಿದ ಡಿಶ್ಶುಗಳನ್ನು ಬೇರೆ ಊರಲ್ಲಿ ನಿಲ್ಲಿಸಿದರೆ ಮಾತು ಸೋರುತ್ತಿತ್ತಂತೆ. ಮೀನಿನ ದರ ಕೇಳಲು ಹೋದವನಿಗೆ ಯಾರದೋ ಮನೆಯ ನಾಮಕರಣದ ಕರೆ ಬಂತಂತೆ. ಕಳೆದ ಬೇಸಿಗೆಯಿಂದ ಬಂದ ಅಳತೆಯೆಲ್ಲ ಹೀಗೇ ಆಗಿದೆ ಎಂದರು ಅವರು.

"ನೋಡ್ರಿ ಬಾಯಾರ, ಮುಂದ ಒಂದು ದೊಡ್ಡ ಡಿಶ್ ಬರ್ತದ. ಅದರ ಅಳತಿ ತಪ್ಪಿದ್ರ ಈ ಶೆಡ್ಡು ಇಲ್ಲಿ ಇರಂಗಿಲ್ಲ. ಕಿತ್ಕೊಂಡು ಬ್ಯಾರೆ ಊರಿಗೆ ಒಯ್ತೀವಿ. ಅಲ್ಲಿ ಗುಂಡು ತಾನs ನೆಟ್ಟಗ ತೂಗ್ತದ, ಹಿಡಿಯೋರು ಬೇಕಾಗಂಗಿಲ್ಲ."

ಹಿಡಿಯುವವರು ಬೇಕಾಗಿಲ್ಲ ಎಂಬ ಮಾತು ವಾರಿಜಮ್ಮನಿಗೆ ಎಲ್ಲಿ ನಾಟಿತು ಎನ್ನುವುದು ಅವರ ಮುಖ ನೋಡಿದ ನನಗೆ ಗೊತ್ತು. ಆದರೆ ಬಾಯಿ ಬಿಟ್ಟು ಅಂದದ್ದು ಇಷ್ಟೇ: "ತಪ್ಪು ಎಲ್ಲಿದೆ ಅಂತ ಹುಡುಕ್ತೀನಿ ಸಾರ್."

ಹುಡುಕಿದರು. ಕೇಬಲ್ಲುಗಳನ್ನು ಬಿಚ್ಚಿ ಬಿಸಿಲಿಗೆ ಹಾಕಿದರು. ಪ್ರತಿ ಕನೆಕ್ಟರನ್ನೂ ಹತ್ತಿಯಿಂದ ಒರೆಸಿದರು. ಅಟ್ಟಣೆಯ ಸುತ್ತ ತರಂಗ ಹೀರಲು ಅಂಟಿಸಿದ್ದ ಕಪ್ಪು ಸ್ಪಂಜುಗಳ ಸಂದಿಯಲ್ಲಿ ಗೊರವಂಕ ಗೂಡು ಕಟ್ಟಿತ್ತು. ಅದರ ಮೇಲೆ ಕೆಲಕಾಲ ಅನುಮಾನ ಪಟ್ಟು, ಮರಿಗಳು ಹಾರಿಹೋಗುವ ತನಕ ಕಾದು, ಗೂಡು ತೆಗೆದರು. ಸೋರಿಕೆ ಹೋಗಲಿಲ್ಲ. ಅಟ್ಟಣೆಯ ಮರ ತೇವಕ್ಕೆ ಉಬ್ಬಿದೆ ಎಂದರು. ನನ್ನ ಒಲೆಯ ಹೊಗೆಯನ್ನೂ ಬಿಡಲಿಲ್ಲ, ಒಂದು ವಾರ ನಾನು ಬಜ್ಜಿ ಕರಿಯಬಾರದೆಂದು ಅಪ್ಪಣೆಯಾಯಿತು. ಅವರು ಅನುಮಾನಿಸದೆ ಬಿಟ್ಟದ್ದು ಇಡೀ ಶೆಡ್ಡಿನಲ್ಲಿ ಒಂದೇ ಒಂದು, ಅವರ ಸ್ವಂತ ಕೈ.

ಕೊನೆಗೆ ಇನಾಂದಾರರೇ, "ಬಾಯಾರ, ಗುಂಡು ಒಂದು ಸರ್ತಿ ಹಿಡೀರಿ ನೋಡೂಣು" ಎಂದರು.

ವಾರಿಜಮ್ಮ ನಕ್ಕು ಹಿಡಿದರು. ಅವರು ಅದನ್ನು ಅಲ್ಲಿಯ ತನಕ ಕಣ್ಣಿಟ್ಟು ನೋಡಿಯೇ ಇರಲಿಲ್ಲವೆಂದು ತೋರುತ್ತದೆ. ದಾರ ಹಿಡಿದು ಪ್ರೋಬಿನ ತಿರುಪು ತಿರುವುವುದು ಅಷ್ಟು ಅಭ್ಯಾಸವಾಗಿತ್ತು. ಗುಂಡು ಒಂದು ಸುತ್ತು ತೂಗಿ, ನಿಧಾನಿಸಿ, ನಿಂತಿತು. ಎಲ್ಲರಿಗೂ ಕಾಣುವಷ್ಟು ದಕ್ಷಿಣಕ್ಕೆ ವಾಲಿತ್ತು.

ವಾರಿಜಮ್ಮ ದಾರವನ್ನು ಇನ್ನೊಂದು ಕೈಗೆ ಬದಲಾಯಿಸಿದರು. ಗುಂಡು ಅಲ್ಲೂ ದಕ್ಷಿಣಕ್ಕೇ ವಾಲಿತು. ಇನಾಂದಾರರು ಮರ್ಯಾದಸ್ಥರು, ಪೇಚು ತಪ್ಪಿಸಲು, "ಇರ್ಲಿ ಬಿಡ್ರಿ, ನಾನs ಹಿಡೀತೀನಿ" ಎಂದು ತಾವೇ ಹಿಡಿದರು. ಅವರದೂ ದಕ್ಷಿಣಕ್ಕೆ ವಾಲಿತು, ಸೀದಾ ನನ್ನ ಕ್ಯಾಂಟೀನಿನ ಮೆಣಸಿನಕಾಯಿ ಬಜ್ಜಿಯ ಕಡೆಗೆ. ಅದಕ್ಕೆ ಪರಿಹಾರವೆಂದು ಮರುದಿನ ಉಪವಾಸವಿದ್ದು ಹಿಡಿದರು. ಇನ್ನಷ್ಟು ವಾಲಿತು.

ಆದರೆ ಬಜ್ಜಿಯ ವಿಷಯ ಯಾರಿಗೆ ಬೇಕು? ವಾರಿಜಮ್ಮನ ಗುಂಡು ವಾಲಿದೆ ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಶೆಡ್ಡಿನಿಂದ ದಕ್ಷಿಣಕ್ಕೆ ಗೆರೆ ಎಳೆದರೆ ಅದರ ಮೇಲೆ ಸಾಲಾಗಿ ಬರುವ ಹೆಂಡತಿ ಇಲ್ಲದ ಗಂಡಸರು ಮೂವರು. ಮೊದಲನೆಯವನು ನಾನು. ನನ್ನ ಹಿಂದೆ ರಿಟೈರಾದ ಪೋಸ್ಟ್‌ಮಾಸ್ಟರ್ ಸಾಂಬಯ್ಯ. ಅವರ ಹಿಂದೆ ಹಾರ್ಮೋನಿಯಂ ರಿಪೇರಿಯ ಬಸವಲಿಂಗ. ಮಾರನೆಯ ಬೆಳಿಗ್ಗೆ ಸಾಂಬಯ್ಯನವರ ತಲೆ ಕಪ್ಪಾಗಿತ್ತು, ಕಿವಿಯೂ ಸ್ವಲ್ಪ ಕಪ್ಪಾಗಿತ್ತು. ಬಸವಲಿಂಗ ಮನೆಯ ಬಾಗಿಲು ತೆರೆದಿಟ್ಟು ರಾಗ ನುಡಿಸತೊಡಗಿದ. ನಾನು ಅಂಥ ಚಪಲದವನಲ್ಲ. ಕ್ಯಾಂಟೀನಿನ ಮೇಜುಗಳ ಮೇಲೆ ಲೋಟದಲ್ಲಿ ಒಂದೊಂದು ಸೇವಂತಿಗೆ ಇಟ್ಟೆ, ಅಷ್ಟೇ. ಮತ್ತು ಶರ್ಟಿಗೆ ಇಸ್ತ್ರಿ. ಸುಳ್ಳು ಯಾಕೆ ಹೇಳಲಿ, ಎದೆಯೊಳಗೆ ಏನೋ ಒಂದು ಬೆಚ್ಚಗಾಗಿತ್ತು. ಚಮಚ ಅಡ್ಡಡ್ಡ ಹಿಡಿದು ತರಂಗದ ಪಾಠ ಹೇಳಿದ್ದು ನನಗಲ್ಲದೆ ಮತ್ತ್ಯಾರಿಗೆ?

ವಾರಿಜಮ್ಮ ಮಾತ್ರ ಕೆಂಡವಾಗಿದ್ದರು. "ನನಗೆ ಯಾರ ಮೇಲೂ ಏನೂ ಇಲ್ಲ. ಇದ್ದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವ?" ಎಂದರು. ಆದರೂ ಅವರು ಅಳತೆಯ ಹೆಂಗಸು, ತಪ್ಪು ಎಲ್ಲಿಂದ ಬರುತ್ತದೆ ಎಂದು ತಿಳಿಯದೆ ತಿದ್ದುವುದು ಹೇಗೆ? ಶೆಡ್ಡಿನ ಪ್ರಶ್ನೆ. ಒಂದು ಮಧ್ಯಾಹ್ನ ಸೆರಗು ಸಿಕ್ಕಿಸಿ, ಗುಂಡು ಹಿಡಿದು, ಅದು ತೋರಿದ ದಾರಿಯಲ್ಲಿ ಹೊರಟೇಬಿಟ್ಟರು. ಹಿಂದೆ ಇನಾಂದಾರರು, ಅವರ ಹಿಂದೆ ಊರು.

ನನ್ನ ಕ್ಯಾಂಟೀನಿನ ಮುಂದೆ ಬಂದರು. ನಾನು ಒಂದು ಸೇವಂತಿಗೆಯನ್ನು ಸರಿಪಡಿಸುತ್ತ ನಿಂತಿದ್ದೆ. ಗುಂಡು ನನ್ನನ್ನು ದಾಟಿ ದಕ್ಷಿಣವನ್ನೇ ತೋರಿಸಿತು. ವಾರಿಜಮ್ಮ ನನ್ನ ಕಡೆ ನೋಡಲೂ ಇಲ್ಲ. ಹೂವನ್ನು ಲೋಟಕ್ಕೆ ಹಾಕಿ ನಾನೂ ಮೆರವಣಿಗೆಗೆ ಸೇರಿಕೊಂಡೆ, ಸಾಂಬಯ್ಯನ ಗತಿ ಏನಾಗುತ್ತದೋ ನೋಡಬೇಕಲ್ಲ. ಸಾಂಬಯ್ಯ ಗೇಟಿನಲ್ಲಿ ನಿಂತಿದ್ದರು. ಗುಂಡು ಅವರನ್ನೂ ದಾಟಿತು. ಬಸವಲಿಂಗನ ರಾಗವನ್ನೂ ದಾಟಿತು, ಅವನು ನುಡಿಸುತ್ತಿದ್ದವನು ಕೈ ಎತ್ತಿಬಿಟ್ಟ. ಇಟ್ಟಿಗೆ ಗೂಡು ಕಳೆಯಿತು, ಕೆರೆ ಏರಿ ಬಂತು. ಏರಿಯ ಆಚೆಗೆ ನೀರು, ನೀರಿನಾಚೆ ಊರ ಗಡಿ. ಗುಂಡು ಇನ್ನೂ ದಕ್ಷಿಣಕ್ಕೇ.

"ಮೀನು ಗೀನು ಏನಾರ..." ಎಂದರು ಇನಾಂದಾರರು.

ವಾರಿಜಮ್ಮ ಕೈ ತೋರಿಸಿ ಅವರನ್ನು ಸುಮ್ಮನಿರಿಸಿ, ಗುಂಡನ್ನೇ ನೋಡುತ್ತಿದ್ದರು. "ಹತ್ತಿರ ಹೋದಷ್ಟೂ ವಾಲೋದು ಜಾಸ್ತಿ ಆಗ್ಬೇಕಿತ್ತು. ಕಮ್ಮಿಯಾಗ್ತಾ ಬಂದಿದೆ. ಶೆಡ್ಡಲ್ಲಿದ್ದಾಗ ಎಷ್ಟಿತ್ತೋ ಅದರ ಅರ್ಧ ಇಲ್ಲ ಈಗ." ಆಮೇಲೆ ತಮ್ಮಷ್ಟಕ್ಕೇ ಅಂದರು: "ಇದು ಈ ಕಡೆಯಿಂದ ಎಳೀತಿರೋದಲ್ಲ. ಆ ಕಡೆಯಿಂದ ತಳ್ತಿರೋದು."

ನಮಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ದಕ್ಷಿಣದಲ್ಲಿರುವವರ ಮೇಲೆ ಪ್ರೀತಿಯಿದ್ದರೂ ಗುಂಡು ದಕ್ಷಿಣಕ್ಕೇ ವಾಲುತ್ತದೆ, ಉತ್ತರದಲ್ಲಿರುವವರ ಮೇಲೆ ಹಗೆಯಿದ್ದರೂ ದಕ್ಷಿಣಕ್ಕೇ ವಾಲುತ್ತದೆ. ಒಂದು ಕಡೆ ನಿಂತು ನೋಡಿದರೆ ಎರಡೂ ಒಂದೇ. ಇಡೀ ಊರು ಪ್ರೀತಿ ಎಂದೇ ತಿಳಿದಿತ್ತು. ಸಾಂಬಯ್ಯ ತಲೆಗೆ ಬಣ್ಣ ಬೇರೆ ಹಾಕಿಕೊಂಡಿದ್ದರು.

ಉತ್ತರದಲ್ಲಿ ಯಾರಿದ್ದಾರೆ ಎಂದು ಯಾರೂ ಕೇಳಲಿಲ್ಲ. ಕಳೆದ ಬೇಸಿಗೆಯಲ್ಲಿ ಉತ್ತರದ ಬಡಾವಣೆಯಲ್ಲಿ ಬಂದು ಮನೆ ಮಾಡಿದವರು ವಾರಿಜಮ್ಮನ ತಂಗಿ ನಳಿನಿ ಮತ್ತು ಅವಳ ಗಂಡ ಗೋವರ್ಧನ. ಅಕ್ಕತಂಗಿಯರಿಗೆ ಮಾತಿಲ್ಲ. ಮಾತು ನಿಂತದ್ದು ನಳಿನಿಯ ಮದುವೆಯ ದಿನ, ಇಡೀ ಊರಿನ ಎದುರಿಗೆ.

ನಮ್ಮಲ್ಲಿ ಮದುವೆಗೆ ಮೊದಲು ಗುಂಡಿನ ಶಾಸ್ತ್ರ ಎಂದಿದೆ. ವಧುವನ್ನು ತೆರೆಯ ಹಿಂದೆ ಮುಸುಕು ಹಾಕಿ ಕೂರಿಸಿ, ವರನ ಕೈಗೆ ತೂಗುಗುಂಡು ಕೊಡುತ್ತಾರೆ. ಅದು ತೆರೆಯ ಕಡೆಗೆ ವಾಲಿತೆಂದು ವಧುವಿನ ಅಕ್ಕನೋ ಅಣ್ಣನೋ ಸಾರಬೇಕು, ಆಮೇಲೆ ವಾಲಗ. ಗೋವರ್ಧನನ ಗುಂಡು ತೆರೆಗೆ ಬೆನ್ನು ಹಾಕಿ ಅಡುಗೆಮನೆಯ ಕಡೆಗೆ ವಾಲಿತು. ಬೇರೆ ಯಾರಾದರೂ ಅಕ್ಕನಾಗಿದ್ದರೆ ಕೆಮ್ಮಿ ಸುಮ್ಮನಾಗುತ್ತಿದ್ದಳು. ವಾರಿಜಮ್ಮ ಇದ್ದದ್ದನ್ನು ಇದ್ದ ಹಾಗೆ ಓದುವವರು. "ವರನ ಮನಸ್ಸು ಹೋಳಿಗೆ ಮೇಲಿದೆ" ಎಂದು ಗಟ್ಟಿಯಾಗಿ ಸಾರಿದರು. ಚಪ್ಪರವೇ ನಕ್ಕಿತು. ಮದುವೆ ನಡೆಯಿತು, ಆದರೆ ಅವನಿಗೆ ಹೋಳಿಗೆ ಗೋವರ್ಧನ ಎಂಬ ಹೆಸರು ಅಂಟಿತು. ಪೇಟೆಗೆ ಹೋದರೆ ಮಕ್ಕಳು ಕೂಗುತ್ತಿದ್ದವು. ವರ್ಷ ತುಂಬುವುದರೊಳಗೆ ಗಂಡಹೆಂಡಿರು ಊರು ಬಿಟ್ಟರು. ಹೋಗುವಾಗ ನಳಿನಿ ಅಕ್ಕನಿಗೆ ಹೇಳಲಿಲ್ಲ. ಗೋವರ್ಧನನಿಗೆ ರಿಟೈರಾಗಿ ತಿರುಗಿ ಬಂದಮೇಲೂ ಅಕ್ಕನ ಕಡೆ ತಲೆ ಹಾಕಲಿಲ್ಲ.

ಕೆರೆ ಏರಿಯಿಂದ ಮೆರವಣಿಗೆ ಉತ್ತರಕ್ಕೆ ತಿರುಗಿತು. ಶೆಡ್ಡು ದಾಟಿ ಹೆಜ್ಜೆ ಮುಂದಿಟ್ಟ ಹಾಗೆಲ್ಲ ಗುಂಡು ಹಿಂದಕ್ಕೆ ಹಿಂದಕ್ಕೆ ಏಳತೊಡಗಿತು. ನಳಿನಿಯ ಗೇಟಿನ ಎದುರು ನಿಂತಾಗ ದಾರ ಹೆಚ್ಚುಕಡಿಮೆ ಅಡ್ಡಡ್ಡಲಾಗಿ, ಗುಂಡು ಹಿಂದಿದ್ದ ಇನಾಂದಾರರ ಹೊಟ್ಟೆಗೆ ಮುಟ್ಟುತ್ತಿತ್ತು.

ನಳಿನಮ್ಮ ಹೊರಗೆ ಬಂದರು. ಕೈಯಲ್ಲಿ ಸೌಟು. ಒಂದು ಗಳಿಗೆ ಆ ಗುಂಡನ್ನು ನೋಡಿದರು.

"ಕಾಂತಪ್ಪನವರೇ" ಎಂದರು, ಅಕ್ಕನನ್ನು ಬಿಟ್ಟು ನನ್ನನ್ನು ನೋಡುತ್ತ, "ನನಗೇನೂ ಕಮ್ಮಿ ಇಲ್ಲ ಅಂತ ಅವರಿಗೆ ಹೇಳಿ. ಕೊಡಿ ಇಲ್ಲಿ." ಇನಾಂದಾರರ ಚೀಲದಲ್ಲಿದ್ದ ಇನ್ನೊಂದು ತೂಗುಗುಂಡನ್ನು ಕಿತ್ತುಕೊಂಡು ಹಿಡಿದರು. ಅದು ಅವರ ಹಿಂದಕ್ಕೆ, ಉತ್ತರಕ್ಕೆ ಚಿಮ್ಮಿ, ಬಾಗಿಲ ಚೌಕಟ್ಟಿಗೆ ಬಡಿಯಿತು.

ಅಕ್ಕತಂಗಿಯರು ಎದುರೆದುರು ನಿಂತರು. ಒಬ್ಬರ ಗುಂಡು ದಕ್ಷಿಣಕ್ಕೆ, ಇನ್ನೊಬ್ಬರದು ಉತ್ತರಕ್ಕೆ. ನನಗೆ ನಿಜಕ್ಕೂ ಸಂಕಟವಾಯಿತು. ಈ ಇಬ್ಬರೂ ಲಂಗ ಹಾಕಿಕೊಂಡು ಓಡಾಡುತ್ತಿದ್ದಾಗ, ನಳಿನಿ ಎಲ್ಲಾದರೂ ಆಡಲು ಹೋಗಿ ಸಿಗದಿದ್ದರೆ, ಅವರಮ್ಮ ವಾರಿಜಳ ಕೈಗೆ ಗುಂಡು ಕೊಡುತ್ತಿದ್ದರು. ಅದು ವಾಲಿದ ಕಡೆ ಹೋದರೆ ಮಾವಿನ ಮರದ ಮೇಲೋ ಯಾರ ಮನೆಯ ಅಟ್ಟದಲ್ಲೋ ನಳಿನಿ ಸಿಗುತ್ತಿದ್ದಳು. ವಾರಿಜಮ್ಮನ ಗುಂಡು ನೇರವಾದದ್ದು ನಳಿನಿ ಊರು ಬಿಟ್ಟ ಮೇಲೆ. ಅದನ್ನು ನಾವೆಲ್ಲ ಗುಣ ಎಂದುಕೊಂಡು, ಅದರಿಂದ ಶಾಲೆ ಕಟ್ಟಿಸಿಕೊಂಡೆವು.

ಇನಾಂದಾರರು ಮಾತ್ರ ಹೊಟ್ಟೆ ಸವರಿಕೊಳ್ಳುತ್ತ ಕುಣಿಯುವುದೊಂದು ಬಾಕಿ. "ಸಮಾ ಅದಾವ್ರೀ! ಎಳ್ಳಷ್ಟೂ ಹೆಚ್ಚಿಲ್ಲ, ಎಳ್ಳಷ್ಟೂ ಕಡಿಮಿ ಇಲ್ಲ! ಒಮ್ಮೆ ಅಕ್ಕಾರ ಗುಂಡಿಗೆ ಪ್ರೋಬ್ ಹೊಂದಿಸಿ ಅಳೀಯೂದು, ಒಮ್ಮೆ ತಂಗ್ಯಾರ ಗುಂಡಿಗೆ ಹೊಂದಿಸಿ ಅಳೀಯೂದು. ಎರಡೂ ಕೂಡಿಸಿ ಅರ್ಧಾ ಮಾಡಿದ್ರ ಒಬ್ಬರ ತಪ್ಪು ಇನ್ನೊಬ್ಬರ ತಪ್ಪನ್ನ ತಿಂದು ಹಾಕ್ತದ. ಇಂಥಾ ಜೋಡಿ ದುಡ್ಡು ಕೊಟ್ರೂ ಸಿಗಂಗಿಲ್ರೀ!"

ಹೀಗೆ ನಳಿನಮ್ಮ ಶೆಡ್ಡಿನ ಕೆಲಸಕ್ಕೆ ಸೇರಿದರು. ಅಕ್ಕನ ಮೇಲಿನ ಹಗೆಗೆ ಇಷ್ಟು ಬೆಲೆ ಬಂದರೆ ಬಿಡುವವರುಂಟೇ? ವಾರಿಜಮ್ಮನೂ ಒಪ್ಪಿದರು, ಶೆಡ್ಡು ಉಳಿಯಬೇಕಲ್ಲ. ಇಬ್ಬರೂ ಅಟ್ಟಣೆಯ ಮೇಲೆ, ಪ್ರೋಬಿನ ಆಚೆ ಈಚೆ, ವಾರಿಜಮ್ಮ ದಕ್ಷಿಣಕ್ಕೆ, ನಳಿನಮ್ಮ ಉತ್ತರಕ್ಕೆ. ಮಾತು ಬೇಕಾದಾಗ ನನ್ನನ್ನು ಕೂಗುವರು. ಕಾಫಿ ಹೊತ್ತು ಏಣಿ ಹತ್ತಿದವನು ಅಲ್ಲೇ ನಿಂತು, ಒಂದು ಮೊಳ ದೂರದಲ್ಲಿರುವವರಿಗೆ, "ದಾರ ಒಂದು ಬೆರಳು ಮೇಲಕ್ಕೆ ಹಿಡೀಬೇಕಂತೆ" ಎಂದು ಹೇಳಬೇಕು. "ಕೈ ನೋಯುತ್ತೆ ಅನ್ನಿ" ಎಂದು ಉತ್ತರ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಚೆನ್ನಾಗಿ ಕೇಳಿಸಿರುತ್ತಿತ್ತು, ಆದರೂ ನಾನು ಹೇಳುವ ತನಕ ಕಾಯುವರು. ಸೋರಿಕೆ ನಿಂತಿತು. ಸಣ್ಣ ಡಿಶ್ಶುಗಳು ಒಂದಾದ ಮೇಲೊಂದು ಪಾಸಾದವು.

ಈಗ ಇನಾಂದಾರರಿಗೆ ಹೊಸ ಭಯ. ದೊಡ್ಡ ಡಿಶ್ಶು ಬರುವ ತನಕ ಇವರ ಜಗಳ ಆರಬಾರದು, ಹೆಚ್ಚಲೂಬಾರದು, ಎರಡು ಒಲೆಯ ಉರಿಯನ್ನು ಒಂದೇ ಸಮ ಇಡುವ ಹಾಗೆ ಇಡಬೇಕು. ಆ ಕೆಲಸ ಗೋವರ್ಧನನ ಪಾಲಿಗೆ ಬಂತು. ಪಾಪ, ಕೋಪ ಎಂಬುದೇ ಗೊತ್ತಿಲ್ಲದ ಮನುಷ್ಯ. ನನ್ನ ಕ್ಯಾಂಟೀನಿನಲ್ಲಿ ಕೂತು, ಉದ್ದಿನ ವಡೆ ತಿನ್ನುತ್ತ, "ಇವತ್ತು ಏನು ಚಾಡಿ ಹೇಳ್ಲಿ ಕಾಂತಪ್ಪ, ಹೊಳೀತಾನೇ ಇಲ್ಲ" ಎಂದು ಒದ್ದಾಡುವನು. ಒಮ್ಮೆ ಅತ್ತಿಗೆಯ ಸೀರೆಯ ಬಣ್ಣ ಚೆನ್ನಾಗಿಲ್ಲ ಎಂದು ಹೆಂಡತಿಗೆ ಹೇಳಲು ಹೋಗಿ, ಬಾಯಿ ತಪ್ಪಿ ಚೆನ್ನಾಗಿದೆ ಎಂದುಬಿಟ್ಟ. ಅದು ಇನ್ನೂ ಒಳ್ಳೆಯ ಕೆಲಸ ಮಾಡಿತು. ನನಗೂ ಇನಾಂದಾರರ ಅಪ್ಪಣೆ ಇತ್ತು: "ಅಟ್ಟಣಿ ಮ್ಯಾಲೆ ಖಾರ ಎಷ್ಟರ ಒಯ್ರಿ. ಸಿಹಿ ಮಾತ್ರ ಒಯ್ಯಬ್ಯಾಡ್ರಿ. ಸಿಹಿ ಹಂಚ್ಕೊಂಡು ತಿಂದ್ರ ಮನಸ್ಸು ಕರಗ್ತದ."

ದೊಡ್ಡ ಡಿಶ್ಶು ಲಾರಿಯ ಮೇಲೆ ಬಂತು. ಅಳತೆಯ ದಿನ ಇನಾಂದಾರರು ಮೂಡಣ ಅಟ್ಟಣೆಯಲ್ಲಿ ಡಿಶ್ಶಿನ ಪಕ್ಕ, ಪರದೆಯ ಮುಂದೆ ಕುಳಿತರು. ಇತ್ತ ಪಡುವಣ ಅಟ್ಟಣೆಗೆ ಒಂದು ಟೆಲಿಫೋನು. ಗುಂಡು ಅವರಿಗೆ ಅಲ್ಲಿಂದ ಕಾಣುವುದಿಲ್ಲ, ಎರಡೂ ಅಳತೆ ಸೇರಿ ಉಳಿದ ತಪ್ಪು ಎಷ್ಟೆಂಬ ಒಂದೇ ಅಂಕಿ ಕಾಣುತ್ತದೆ. ಅದು ಸೊನ್ನೆಯಾಗಬೇಕು.

ನಾನು ಕಾಫಿ, ಖಾರದ ಅವಲಕ್ಕಿ ಹೊತ್ತು ಏಣಿ ಹತ್ತಿದೆ. ಕೈಯಲ್ಲಿ ಗೋವರ್ಧನ ಕೊಟ್ಟ ಒಂದು ಡಬ್ಬಿ. ಹೆಂಡತಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದು ಕೊಟ್ಟಿದ್ದ, ಏನಿದೆ ಎಂದು ನಾನು ನೋಡಲಿಲ್ಲ. ತೆರೆದರೆ ಹೋಳಿಗೆ. ತುಪ್ಪದ ಘಮ ಅಟ್ಟಣೆಗೆಲ್ಲ ಹರಡಿತು.

ವಾರಿಜಮ್ಮನ ತುಟಿ ಸೊಟ್ಟಗಾಯಿತು. "ಕಾಂತಪ್ಪನವರೇ, ಅದನ್ನ ಅವರ ಯಜಮಾನರಿಗೇ ವಾಪಸ್ ಕೊಡಿ ಅಂತ ಹೇಳಿ. ಅವರ ಮನಸ್ಸೆಲ್ಲ ಅದರ ಮೇಲೇ ಇರೋದು, ಮದುವೆ ದಿನದಿಂದ."

ನಳಿನಮ್ಮನ ಮುಖ ಕೆಂಪಾಯಿತು. ನನ್ನನ್ನು ನೋಡಲಿಲ್ಲ. ನನ್ನ ತಲೆಯ ಮೇಲಿಂದ ನೇರ ಅಕ್ಕನಿಗೇ ಕೂಗಿದರು: "ಹೋಳಿಗೆ ಮೇಲಲ್ಲ ಕಣೇ! ನನ್ನ ಮೇಲೆ! ಅಡುಗೆಮನೇಲಿ ಇದ್ದೋಳು ನಾನು!"

ವಾರಿಜಮ್ಮ ದಾರ ಹಿಡಿದೇ ನಿಂತರು.

"ಉಪವಾಸ ಇರ್ಬೇಕು ಅಂತ ಹಿಂದಿನ ದಿನದಿಂದ ಒಂದು ತುತ್ತು ಕೊಟ್ಟಿರ್ಲಿಲ್ಲ ನನಗೆ. ತಲೆ ಸುತ್ತು ಬಂತು. ಮುಸುಕು ತೆಗೆದು ಸೋದರತ್ತೆ ಮಗಳಿಗೆ ಹಾಕಿ ಕೂರಿಸಿ, ಹಿಂದಿನ ಬಾಗಿಲಿಂದ ಹೋಗಿ ಅಡುಗೆಮನೇಲಿ ಹೋಳಿಗೆ ತಿಂತಾ ಕೂತಿದ್ದೆ. ಅವರ ಗುಂಡು ನನ್ನನ್ನ ಹುಡುಕ್ಕೊಂಡು ಬಂತು, ತೆರೆ ನಂಬಲಿಲ್ಲ. ಇಡೀ ಚಪ್ಪರದಲ್ಲಿ ಸರಿಯಾಗಿ ಹೇಳಿದ್ದು ಅದೊಂದೇ. ನೀನು ಎಲ್ಲರನ್ನೂ ನಗಿಸಿದೆ."

ಕೆಳಗೆ ನಿಂತಿದ್ದ ಗೋವರ್ಧನ ಇದೆಲ್ಲವನ್ನೂ ಕೇಳಿಸಿಕೊಂಡು, "ಹೌದಾ?" ಎಂದ. ಅವನಿಗೂ ಅದು ಗೊತ್ತಾಗಿದ್ದು ಈಗಲೇ. "ನಾನೂ ಹೋಳಿಗೆ ಮೇಲೇ ಇತ್ತೇನೋ ಅಂದ್ಕೊಂಡಿದ್ನಲ್ಲೇ, ಇಷ್ಟು ವರ್ಷ."

ನಾನು ವಾರಿಜಮ್ಮನ ಗುಂಡನ್ನು ನೋಡಿದೆ. ದಕ್ಷಿಣಕ್ಕೆ ಚಾಚಿದ್ದ ದಾರ ಇಳಿಯುತ್ತ ಇಳಿಯುತ್ತ ನೆಟ್ಟಗಾಯಿತು. ಅಲ್ಲಿ ನಿಲ್ಲಲಿಲ್ಲ. ಹಾಗೇ ಮೆಲ್ಲಗೆ ಉತ್ತರಕ್ಕೆ, ತಂಗಿಯ ಕಡೆಗೆ ವಾಲಿತು. ತಂಗಿಯ ಗುಂಡು ಮಾತ್ರ ಮೊದಲಿನ ಹಾಗೆ ಉತ್ತರಕ್ಕೇ, ಅಕ್ಕನಿಂದ ಆಚೆಗೇ ಇತ್ತು. ಈಗ ಎರಡೂ ಒಂದೇ ದಿಕ್ಕಿಗೆ ವಾಲಿ ನಿಂತವು. ಅಭ್ಯಾಸಬಲದಿಂದ ವಾರಿಜಮ್ಮ ತಿರುಪು ತಿರುವಿದರು, ಎರಡು ಅಳತೆಗೂ ಪ್ರೋಬು ಒಂದೇ ಕಡೆ ಓರೆಯಾಗಿ ಕುಳಿತಿತು.

ಟೆಲಿಫೋನು ಕಿರುಚಿತು. "ಬಾಯಾರs! ತಪ್ಪು ಹೋಗೂದು ಬಿಟ್ಟು ಕೂಡಿಕೊಂಡಾವಲ್ರೀ! ಎಷ್ಟು ಬಂತು ಗೊತ್ತದೇನು? ಇದs ಕಡೀ ಸರ್ತಿ. ಇನ್ನೊಮ್ಮೆ ಅಳೀರಿ, ಸೊನ್ನಿ ಬರ್ಲಿಲ್ಲಂದ್ರ ಶೆಡ್ಡು ಲಾರಿಗೆ ಹಾಕೂದs ಆಗ್ತದ!"

ವಾರಿಜಮ್ಮ ಟೆಲಿಫೋನನ್ನು ಕೆಳಗಿಟ್ಟರು. ಪ್ರೋಬನ್ನು ನೋಡಿದರು. ಇವರು ಗೊರವಂಕದ ಗೂಡನ್ನು ಅನುಮಾನಿಸಿದವರು, ನನ್ನ ಬಜ್ಜಿಯನ್ನು ಅನುಮಾನಿಸಿದವರು. ಅವರ ಬಾಯಿಂದ ಆ ಮಾತು ಹೊರಡುವುದಕ್ಕೆ ಎಷ್ಟು ಕಷ್ಟವಾಯಿತೆಂದು ಎದುರು ನಿಂತ ನನಗೆ ಗೊತ್ತು.

"ಗುಂಡು ಸರಿಯಾಗೇ ಹೇಳಿತ್ತು ನಳಿನಿ" ಎಂದರು. "ಓದಿದ್ದು ನಾನು ತಪ್ಪು. ತಪ್ಪು ನಂದು."

ನಳಿನಮ್ಮ ಮೂಗು ಒರೆಸಿಕೊಂಡು, "ನಾನಾದ್ರೂ ಬಾಯಿ ಬಿಟ್ನಾ? ಬಿಟ್ಟಿದ್ರೆ ಹೋಳಿಗೆ ಕದ್ದಿದ್ದು ಗೊತ್ತಾಗುತ್ತಲ್ಲ ಅಂತ, ಅವರ ಹೆಸರು ಹಾಳಾದ್ರೂ ಸುಮ್ನಿದ್ದೆ. ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋದು ಸುಲಭ ಇತ್ತು" ಎಂದರು.

ಅವರ ಗುಂಡು ಅಲುಗಿತು. ಇಳಿಯಿತು, ನೆಟ್ಟಗಾಯಿತು, ನೆಟ್ಟಗಿದ್ದದ್ದನ್ನು ದಾಟಿ ದಕ್ಷಿಣಕ್ಕೆ ಹೊರಟಿತು. ವಾರಿಜಮ್ಮ ಒಂದು ಕೈಯಲ್ಲಿ ದಾರ ಹಿಡಿದು, ಇನ್ನೊಂದು ಕೈಯಲ್ಲಿ ತಿರುಪು ತಿರುಗಿಸಿ, ಮೊದಲು ತಮ್ಮ ಗುಂಡಿಗೆ ಪ್ರೋಬನ್ನು ಹೊಂದಿಸಿದರು. ಅಳತೆಯಾಯಿತು. ಆಮೇಲೆ ತಂಗಿಯ ಗುಂಡಿಗೆ ಹೊಂದಿಸಿದರು. ಕೂದಲೆಳೆಯೂ ತಪ್ಪಲಿಲ್ಲ. ನಾನು ಕಾಫಿ ಲೋಟ ಹಿಡಿದುಕೊಂಡು ದೇವರನ್ನು ನೆನೆಯುತ್ತಿದ್ದೆ.

ಟೆಲಿಫೋನು ಮತ್ತೆ ಬಡಿದುಕೊಂಡಿತು. ಈ ಸಲ ಅದನ್ನು ಕಿವಿಗೆ ಇಟ್ಟುಕೊಳ್ಳುವ ಅಗತ್ಯವೇ ಇರಲಿಲ್ಲ, ಮೂಡಣ ಅಟ್ಟಣೆಯಿಂದ ನೇರವಾಗಿಯೇ ಕೇಳಿಸುತ್ತಿತ್ತು. "ಸೊನ್ನಿ! ಸೊನ್ನಿ ಬಂತ್ರೀ ಬಾಯಾರ! ಶೆಡ್ಡು ಎಲ್ಲೂ ಹೋಗಂಗಿಲ್ಲ! ಅದೇನು ಜಗಳಾ ಆಡಿದ್ರೋ, ಭಾಳ ಛಲೋ ಆಡೀರಿ. ಇನ್ನ ಮುಂದೂ ಹಿಂಗs ಇರ್ರಿ ಇಬ್ಬರೂ, ರಾಜಿ ಗೀಜಿ ಮಾಡ್ಕೋಬ್ಯಾಡ್ರಿ!"

"ಆಯ್ತು ಸಾರ್" ಎಂದರು ವಾರಿಜಮ್ಮ. "ಹೀಗೇ ಇರ್ತೀವಿ."

ಟೆಲಿಫೋನು ಇಟ್ಟಮೇಲೂ ಇಬ್ಬರೂ ದಾರ ಬಿಡಲಿಲ್ಲ. ಪ್ರೋಬಿನ ಕೆಳಗೆ ಎರಡು ಗುಂಡುಗಳೂ ಒಂದರ ಕಡೆಗೊಂದು ವಾಲಿ, ತುದಿಗೆ ತುದಿ ತಾಗಿ, ಠಣ್ ಠಣ್ ಎನ್ನುತ್ತಿದ್ದವು.

"ತಾಗ್ತಾ ಇದೆ ಅಕ್ಕ" ಎಂದರು ನಳಿನಮ್ಮ. "ಒಂಚೂರು ಹಿಂದಕ್ಕೆ ಹೋಗು."

"ನೀನೇ ಹೋಗು" ಎಂದರು ವಾರಿಜಮ್ಮ.

ಇಬ್ಬರೂ ಹೋಗಲಿಲ್ಲ.